ಅಜ್ಜಿಯ ಬದುಕನ್ನೂ ಬರೆದಿಡಿ

ಮಾನ್ಯರೇ,

ಭಕ್ತಿವಂತ ಕ್ಯಾಥೊಲಿಕ್ ಮಹಿಳೆಯೊಬ್ಬರು ತೀರಿಕೊಂಡರೆ ಶ್ರದ್ಧಾಂಜಲಿಯಲ್ಲಿ ‘ಒಳ್ಳೆಯ ಪತ್ನಿ, ತಾಯಿ, ಅಜ್ಜಿ’ ಎಂದಷ್ಟೇ ಬರೆದು ಮುಗಿಸುತ್ತೇವೆ. ಅಷ್ಟು ಸಾಲದು. ಮೊಮ್ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದವರು, ಸಂಜೆ ಎಲ್ಲರನ್ನೂ ಕೂರಿಸಿ ಜಪಸರ ಹೇಳಿಸಿದವರು, ಗಂಡ ಹಾಸಿಗೆ ಹಿಡಿದಾಗ ನಿದ್ದೆಗೆಟ್ಟು ನೋಡಿಕೊಂಡವರು ಇವರೇ ಅಲ್ವಾ? ಬೈಬಲ್‌ನಲ್ಲಿ ಸಂತ ಪೌಲರು ತಮ್ಮ ಶಿಷ್ಯ ತಿಮೊಥೆಯನಿಗೆ ಬರೆದ 2ನೇ ಪತ್ರದಲ್ಲಿ ಅವನ ಅಜ್ಜಿ ಮತ್ತು ತಾಯಿಯ ವಿಶ್ವಾಸವನ್ನು ಹೆಸರು ಹೇಳಿಯೇ ನೆನೆದಿದ್ದಾರೆ. ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜ-ಅಜ್ಜಿಯರು ಮತ್ತು ಹಿರಿಯರಿಗೆಂದೇ ಒಂದು ವಿಶ್ವ ದಿನ ಆರಂಭಿಸಿದರು. ಅದು ಜುಲೈನ 4ನೇ ಭಾನುವಾರ.

ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಅಜ್ಜಿಯ ಸಮಾಧಿಗೆ ಹೂವಿಟ್ಟು ಸುಮ್ನೆ ಬರಬೇಡಿ. ಅವರ ಮಾತು, ಅವರು ಮಾಡಿದ ಉಪಕಾರ, ಅವರು ಪಟ್ಟ ಕಷ್ಟವನ್ನು ಮಕ್ಕಳಿಗೆ ಹೇಳಿ. ಒಂದು ಪುಟವಾದರೂ ಬರೆದಿಡಿ.

– ಓದುಗರೊಬ್ಬರು