ಆ ರಾತ್ರಿ ಬಕೆಟ್‌ಗಳ ಮುಂದೆ ಕುಳಿತವರಿಗೆ

ನಾನು ತೆಗೆದ ಮೂವತ್ತು ವರ್ಷಗಳ ಭಾವಚಿತ್ರಗಳ ಪ್ರದರ್ಶನ ಭಾನುವಾರ ಮುಗಿಯಿತು. ಸಭಾಂಗಣ ಕೊಡಿಸಿದವರಿಗೆ, ಚೌಕಟ್ಟು ಕಟ್ಟಿದವರಿಗೆ, ಮೂರೂ ದಿನ ಮಂಡಕ್ಕಿ, ಮೆಣಸಿನಕಾಯಿ ಹೊತ್ತು ತಂದ ಗೆಳೆಯರಿಗೆ, ಬೆಂಗಳೂರಿನಿಂದ ಬಂದು ತಮ್ಮದೇ ಹರೆಯದ ಮುಖದ ಮುಂದೆ ನಿಂತ ಕಲಾವಿದರಿಗೆ ನಾನು ಋಣಿ.

ಉಳಿದದ್ದೆಲ್ಲ ಒಬ್ಬರಿಗೆ ಸಲ್ಲಬೇಕು. ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ.

ನಮ್ಮೂರು ದಾವಣಗೆರೆಯ ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕಗಳನ್ನು ನೋಡಿಯೇ ನನಗೆ ಮುಖಗಳ ಹುಚ್ಚು ಹತ್ತಿದ್ದು. 1994ರಲ್ಲಿ ಹಳೆಯ ಯಾಶಿಕಾ ಕ್ಯಾಮೆರಾ ಕೊಂಡು, ದುಗ್ಗಮ್ಮನ ಜಾತ್ರೆಗೆ ಕ್ಯಾಂಪ್ ಹಾಕಿದ ಕಂಪನಿಗಳ ನಟರ ಚಿತ್ರ ತೆಗೆಯತೊಡಗಿದೆ. ಸಿನಿಮಾದವರು ಆಮೇಲೆ ಬಂದರು. ರೋಲಿಗೆ ಹನ್ನೆರಡೇ ಚಿತ್ರ. ಆ ನೆಗೆಟಿವ್‌ಗಳನ್ನು ತಿದ್ದುತ್ತಿದ್ದವರು ಹೆಸರು ಬೇಡವೆಂದ ಇವರು. ಪೆನ್ಸಿಲ್ಲನ್ನು ಸೂಜಿಯಂತೆ ಹೆರೆದು ಚುಕ್ಕೆ ಇಟ್ಟರೆ ಮುಖದ ಕಲೆ ಮಾಯವಾಗುತ್ತಿತ್ತು. ಆದರೆ ರಾಜಪಾರ್ಟಿನ ಹಿರಿಯ ನಟರೊಬ್ಬರ ಹಣೆಯಲ್ಲಿ ಕಿರೀಟ ಒತ್ತಿ ಉಳಿದಿದ್ದ ಗೆರೆಯನ್ನು ತಿದ್ದಲು ಒಪ್ಪಲಿಲ್ಲ. ‘ಅದು ಅವರ ಸಂಪಾದನೆ’ ಎಂದರು.

ಒಂದು ರಾತ್ರಿ ಮಳೆಗೆ ನನ್ನ ಸ್ಟುಡಿಯೊಗೆ ನೀರು ನುಗ್ಗಿತು. ನೆನೆದ ಫಿಲ್ಮ್‌ಗಳನ್ನು ನಾನು ಫ್ಯಾನಿನ ಕೆಳಗೆ ಹರಡುತ್ತಿದ್ದೆ. ಕೊಡೆ ಹಿಡಿದು ಬಂದ ಇವರು ಮೊದಲು ಫ್ಯಾನ್ ಆರಿಸಿದರು. ಒದ್ದೆಯಾದ ಜೆಲಟಿನ್ ಒಣಗುವಾಗ ಅಂಟಾಗುತ್ತದೆ. ಒಂದಕ್ಕೊಂದು ಹತ್ತಿದರೆ ಮುಗಿಯಿತು. ಬಕೆಟ್‌ಗಳಲ್ಲಿ ತಣ್ಣೀರು ತುಂಬಿಸಿ ಎಲ್ಲವನ್ನೂ ಮತ್ತೆ ಮುಳುಗಿಸಿದರು. ಕಣ್ಣಿಗೆ ಪೊರೆ ಬಂದಿದ್ದರಿಂದ ಬೆರಳಲ್ಲೇ ಅಂಚು ಹುಡುಕಿ, ನೀರೊಳಗೇ ಒಂದೊಂದನ್ನು ಬಿಡಿಸಿ ನನ್ನ ಕೈಗಿಡುತ್ತಿದ್ದರು. ನಾನು ತೊಳೆದು ಹಗ್ಗಕ್ಕೆ ಕ್ಲಿಪ್ ಹಾಕುತ್ತಿದ್ದೆ. ಬೆಳಕು ಹರಿಯುವವರೆಗೆ ಅವರು ಆ ಮಣೆಯಿಂದ ಏಳಲಿಲ್ಲ.

ಒಂದು ಮಾತ್ರ ಬಿಡಲಿಲ್ಲ. ಬಿಡಿಸಿದಾಗ ಕಂಪನಿಯ ನಟಿಯೊಬ್ಬರ ಮುಖ ಸಿಪ್ಪೆಯಂತೆ ಎದ್ದು ನೀರಲ್ಲಿ ತೇಲಿತು. ಆಕೆ ತೀರಿಕೊಂಡು ಆರು ವರ್ಷಗಳಾಗಿದ್ದವು. ಬಣ್ಣ ಹಚ್ಚದೆ ತೆಗೆಸಿಕೊಂಡ ಒಂದೇ ಚಿತ್ರ ಅದು ಎಂದು ಆಕೆಯ ಮಗಳು ನನಗೆ ಹೇಳಿದ್ದಳು. ಇನ್ನು ಸ್ಟುಡಿಯೊ ಬೇಡ, ಎಲ್ಲವನ್ನೂ ಚರಂಡಿಗೆ ಸುರಿದುಬಿಡೋಣ ಎಂದು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ನನ್ನ ಅಳು ನಿಲ್ಲುವವರೆಗೆ ಕಾದು ಮುಂದಿನ ಫಿಲ್ಮ್ ಚಾಚಿದರು. ನಾನು ತೆಗೆದುಕೊಂಡೆ.

ಕೊನೆಯ ದಿನ ಅವರು ಪ್ರದರ್ಶನಕ್ಕೆ ಬಂದಿದ್ದರು. ರಾಜಪಾರ್ಟಿನವರ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಹಣೆಯ ಗೆರೆಯನ್ನು ಹುಡುಕಿದರು. ಅದು ಸಿಕ್ಕಿತು. ಬರುವ ತಿಂಗಳು ಅವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ. ಅಂದು ರಾತ್ರಿ ಅವರ ಪಕ್ಕದಲ್ಲಿ ಇರುವವನು ನಾನು.

ಕಂಪನಿಗಳ ಕಲಾವಿದರ ಮನೆಯವರು ಯಾರೇ ಬಂದರೂ ಉಳಿದ ನೆಗೆಟಿವ್‌ಗಳಿಂದ ಪ್ರಿಂಟ್ ಮಾಡಿಕೊಡುತ್ತೇನೆ, ಹಣ ಬೇಡ. ಹೋದ ಆ ಚಿತ್ರದ ಪ್ರಿಂಟ್ ಒಂದನ್ನು ಆಗ ಕಂಪನಿಯವರಿಗೆ ಕೊಟ್ಟಿದ್ದೆ. ಹತ್ತಿ ಸೀರೆ, ಹಣೆಗೆ ಕುಂಕುಮ, ಕೈಯಲ್ಲಿ ಚಹಾ ಲೋಟ. ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.