ಅಜ್ಜಿಯ ಸ್ಮರಣೆಯ ಆರಾಧನೆ: ಗುರುವಾರದೊಳಗೆ ಕಳಿಸಬೇಕಾದದ್ದು

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಬರುವ ಭಾನುವಾರ ಆರಾಧನೆ ಮುಗಿದ ಕೂಡಲೇ ನರ್ಸ್ ಆಗಿದ್ದ ನಮ್ಮ ಅಜ್ಜಿಯ ಸ್ಮರಣೆ ಇದೆ. ಮಾತಾಡುವವರು, ಓದುವವರು, ಫೋಟೋ ಇಟ್ಟುಕೊಂಡಿರುವವರು ದಯವಿಟ್ಟು ಗಮನಿಸಿ.

ಫೋಟೋಗಳೇ ದೊಡ್ಡ ತಲೆನೋವು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗಿ, ಪರದೆಯ ಮೇಲೆ ಮುಖವೇ ಮಸುಕಾಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿ. ಸ್ಕ್ಯಾನ್ ಮಾಡುವವರು 300 ಡಿಪಿಐ (ಚಿತ್ರದ ಸ್ಪಷ್ಟತೆಯ ಅಳತೆ) ಇಡಿ, ಪಾಸ್‌ಪೋರ್ಟ್ ಅಳತೆಯ ಚಿತ್ರಕ್ಕೆ 600. ಆಲ್ಬಮ್‌ಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಮೇಲ್ಪದರ ಹರಿದು ಬರುತ್ತದೆ. ಕಿಟಕಿಯ ಪಕ್ಕ ಇಟ್ಟು ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ನರ್ಸ್ ಸಮವಸ್ತ್ರದಲ್ಲಿರುವ ಒಂದಾದರೂ ಬೇಕು. ಹಿಂಬದಿಯಲ್ಲಿ ಇಸವಿ, ಹೆಸರು ಬರೆದಿದ್ದರೆ ಅದರ ಚಿತ್ರವನ್ನೂ ಕಳಿಸಿ.

ಮಾತು ಒಬ್ಬರಿಗೆ 4 ನಿಮಿಷ, ಒಟ್ಟು ಮೂವರು: ಮಕ್ಕಳಲ್ಲೊಬ್ಬರು, ಮೊಮ್ಮಕ್ಕಳಲ್ಲೊಬ್ಬರು, ಜೊತೆಗೆ ಕೆಲಸ ಮಾಡಿದ ನರ್ಸ್ ಒಬ್ಬರು. ಬರೆದುಕೊಂಡು ಗಟ್ಟಿಯಾಗಿ ಓದಿ ಸಮಯ ನೋಡಿಕೊಳ್ಳಿ. ಬರೆಯದೆ ನಿಂತರೆ ಅಳು ಬಂದಾಗ ಎಳೆ ತಪ್ಪುತ್ತದೆ. ಇನ್ನೊಂದು ಪ್ರತಿ ಪಕ್ಕದವರ ಕೈಯಲ್ಲಿರಲಿ. 'ತುಂಬಾ ಒಳ್ಳೆಯವರು' ಎನ್ನುವುದಕ್ಕಿಂತ ರಾತ್ರಿ ಪಾಳಿ, ಬೆಳಗಿನ ಪ್ರಾರ್ಥನೆ, ಮೊಮ್ಮಕ್ಕಳಿಗೆ ಕಲಿಸಿದ ಬೈಬಲ್ ವಚನ ಹೇಳಿ. ರೋಗಿಗಳ ಹೆಸರು, ಕಾಯಿಲೆ ಮಾತ್ರ ಬೇಡ. ಅಜ್ಜಿ ಕಾಪಾಡಿದ ಗುಟ್ಟನ್ನು ನಾವೂ ಕಾಪಾಡೋಣ.

ಬೈಬಲ್ ಓದು: ಕೀರ್ತನೆ 23, ಮತ್ತಾಯ 25:35-40. ಜ್ಞಾನೋಕ್ತಿ 31 ಪೂರ್ತಿ ಉದ್ದವಾಗುತ್ತದೆ, 25ರಿಂದ 31ನೇ ವಚನ ಸಾಕು. ಇದನ್ನು ಮೊಮ್ಮಕ್ಕಳು ಓದಲಿ. ಎಲ್ಲರೂ ಒಂದೇ ಭಾಷಾಂತರ ಬಳಸಿ.

ನರ್ಸ್‌ಗಳು ದೀಪ ಹಚ್ಚಿ ನಮನ ಸಲ್ಲಿಸುತ್ತಾರೆ. ಫ್ಯಾನ್ ಕೆಳಗೆ ಜ್ವಾಲೆ ನಿಲ್ಲದು, ಗಾಜಿನ ಚಿಮಣಿ ಇರುವವರು ತನ್ನಿ.

ಯಾರು ಓದುತ್ತೀರಿ, ಯಾರು ಮಾತಾಡುತ್ತೀರಿ, ಇಲ್ಲೇ ಉತ್ತರಿಸಿ. ಫೋಟೋ ಗುರುವಾರ ರಾತ್ರಿಯೊಳಗೆ.