ಹುಚ್ಚು ಅನ್ನುವ ಮೊದಲು ಬೆನ್ನಿನ ನೀರು ಪರೀಕ್ಷೆ ಮಾಡಿಸಿ

ಸಂಪಾದಕರಿಗೆ ನಮಸ್ಕಾರ,

ಚೆನ್ನಾಗಿ ಕಾಲೇಜಿಗೆ ಹೋಗಿ ಬರುತ್ತಿದ್ದ ಹುಡುಗಿ ಒಂದೆರಡು ವಾರದಲ್ಲೇ ನಿದ್ದೆಗೆಟ್ಟು, ಯಾರೋ ಕೊಲ್ಲೋಕೆ ಬರ್ತಿದ್ದಾರೆ ಅಂತ ಕಿರುಚಲು ಶುರು ಮಾಡಿದರೆ ನಮ್ಮ ಕೊಡಗಿನಲ್ಲಿ ಏನು ಮಾಡುತ್ತೇವೆ? ತೋಟದ ಲೈನ್ ಮನೆಯಾಗಲಿ, ಪೇಟೆ ಮನೆಯಾಗಲಿ, ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುತ್ತೇವೆ. ತಿಳಿದವರಾದರೆ ಮಾನಸಿಕ ಕಾಯಿಲೆಯ ಮಾತ್ರೆ ಕೊಡಿಸುತ್ತಾರೆ.

ಇಂಥವರಲ್ಲಿ ಕೆಲವರಿಗೆ ಇರುವುದು ಮಿದುಳಿನ ಉರಿಯೂತ. 2007ರಲ್ಲಿ ಜೋಸೆಪ್ ಡಾಲ್ಮೌ ಎಂಬ ನರರೋಗ ತಜ್ಞರು ಮತ್ತು ಅವರ ತಂಡ 12 ಮಹಿಳೆಯರಲ್ಲಿ ಇದರ ಒಂದು ಬಗೆಯನ್ನು ವಿವರಿಸಿದರು. ಎಲ್ಲರಲ್ಲೂ ಟೆರಟೋಮಾ ಎಂಬ ಗಡ್ಡೆ ಇತ್ತು, ಹೆಚ್ಚಿನವರಿಗೆ ಅಂಡಾಶಯದಲ್ಲಿ. ಈ ಗಡ್ಡೆಯೊಳಗೆ ನರದ ಅಂಶವೂ ಬೆಳೆದಿರಬಹುದು. ಅದರ ವಿರುದ್ಧ ದೇಹ ಮಾಡಿಕೊಂಡ ಆಂಟಿಬಾಡಿಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಪ್ರೋಟೀನುಗಳು, ಮಿದುಳಿನ ನರಕೋಶಗಳು ಸಂದೇಶ ಪಡೆಯುವ ಎನ್‌ಎಂಡಿಎ ಗ್ರಾಹಕಗಳ ಮೇಲೂ ಬೀಳುತ್ತವೆ. ಗಡ್ಡೆ ಎಲ್ಲಾ ಸಲ ಕ್ಯಾನ್ಸರ್ ಆಗಿರಲ್ಲ, ಎಷ್ಟೋ ಜನರಲ್ಲಿ ಗಡ್ಡೆಯೇ ಸಿಗಲ್ಲ. ಗಂಡಸರಿಗೂ ಮಕ್ಕಳಿಗೂ ಬರುತ್ತದೆ. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್, ವೃಷಣದ ಗಡ್ಡೆ ಇವುಗಳಿಂದಲೂ ಬೇರೆ ಆಂಟಿಬಾಡಿಗಳ ಮೂಲಕ ಮರೆವು, ಗೊಂದಲ, ವಿಚಿತ್ರ ವರ್ತನೆ ಕಾಣಿಸಬಹುದು.

ಮನೆಯವರು ಗಮನಿಸಬೇಕಾದ್ದು ಇಷ್ಟು. ವರ್ತನೆ ದಿಢೀರ್ ಬದಲಾಗಿ, ಜೊತೆಗೆ ಫಿಟ್ಸ್, ಜ್ವರ, ಬಾಯಿ-ಮುಖ ಸುಮ್ನೆ ಆಡಿಸುವುದು, ಮಾತು ನಿಂತುಹೋಗುವುದು, ಮರಗಟ್ಟಿದಂತೆ ಕೂತುಬಿಡುವುದು ಕಂಡರೆ ನರರೋಗ ತಜ್ಞರೂ ನೋಡಲೇಬೇಕು. ಎಂಆರ್‌ಐ ನಾರ್ಮಲ್ ಬಂತು ಅಂತ ಬಿಡಬೇಡಿ, ಈ ಕಾಯಿಲೆಯಲ್ಲಿ ಅದು ಎಷ್ಟೋ ಸಲ ನಾರ್ಮಲ್ ಇರುತ್ತದೆ. ಬೆನ್ನಿನ ನೀರು, ಅಂದರೆ ಮಿದುಳು-ಬೆನ್ನುಹುರಿಯ ಸುತ್ತ ಇರುವ ದ್ರವ, ತೆಗೆದು ಆಂಟಿಬಾಡಿ ನೋಡಬೇಕು, ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಮಾಡಬೇಕು, ಗಡ್ಡೆ ಹುಡುಕಲು ಹೊಟ್ಟೆಯ ಸ್ಕ್ಯಾನ್ ಆಗಬೇಕು. ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತೆ ಅಂತ ನಮ್ಮವರು ಹೆದರಿ ರೋಗಿಯನ್ನು ಮನೆಗೆ ಕರೆದುಕೊಂಡು ಬಂದುಬಿಡುತ್ತಾರೆ, ಈ ಹೆದರಿಕೆಗೆ ಬೆಲೆ ತೆರುವುದು ಆ ಮಗು ಅಲ್ವಾ? ಸೂಜಿ ಹಾಕುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ. ಕೆಲವು ದಿನ ತಲೆನೋವು ಬರಬಹುದು.

ಗಡ್ಡೆ ಇದ್ದರೆ ತೆಗೆದು, ಸ್ಟೆರಾಯ್ಡ್, ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ) ಕೊಟ್ಟು, ಬೇಕಾದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬದಲಿಸಿದರೆ ಬಹಳ ಮಂದಿ ಹುಷಾರಾಗುತ್ತಾರೆ. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಎರಡು ವರ್ಷದವರೆಗೆ ಗಮನಿಸಿದ ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ನಾವೋ ಮೈಸೂರಿಗೋ ಮಂಗಳೂರಿಗೋ ಘಾಟಿ ಇಳಿದು ಹೋಗುವಷ್ಟರಲ್ಲಿ ವಾರಗಳು ಕಳೆದಿರುತ್ತವೆ.

ಮನೋವೈದ್ಯರನ್ನು ದೂರುತ್ತಿಲ್ಲ. ಈ ಅನುಮಾನವನ್ನು ಮೊದಲು ಎತ್ತುವವರು ಎಷ್ಟೋ ಸಲ ಅವರೇ. ಕೊಡುತ್ತಿರುವ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬೇಡಿ. ಜಿಲ್ಲಾ ಆರೋಗ್ಯ ಇಲಾಖೆ ಮಾತ್ರ ವಿರಾಜಪೇಟೆ, ಸೋಮವಾರಪೇಟೆ ತಾಲೂಕು ಆಸ್ಪತ್ರೆಗಳ ವೈದ್ಯರಿಗೂ ಆಶಾ ಕಾರ್ಯಕರ್ತೆಯರಿಗೂ ಈ ಲಕ್ಷಣಗಳನ್ನು ತಿಳಿಸಲಿ, ಅನುಮಾನ ಬಂದ ದಿನವೇ ನಿಮ್ಹಾನ್ಸ್ ತಜ್ಞರ ಜೊತೆ ವೀಡಿಯೊದಲ್ಲಿ ಮಾತಾಡುವ ವ್ಯವಸ್ಥೆ ಮಾಡಲಿ.

– ಓದುಗರೊಬ್ಬರು, ಮಡಿಕೇರಿ